ದೊಡ್ಡೊಲೆ ಇಳಿದ ಒಂದು ತಾಸು

ನಮ್ಮೂರಿನಲ್ಲಿ ಮದುವೆಗೆ ಮುಹೂರ್ತ ಇಡುವವರು ಪಂಚಾಂಗ ನೋಡುವುದಿಲ್ಲ, ತೋಪಿನ ಕಾರ್ಖಾನೆಯ ಗೇಟಿಗೆ ಹಾಕಿದ ಬೋರ್ಡು ನೋಡುತ್ತಾರೆ. ಕಾರ್ಖಾನೆಯ ದೊಡ್ಡೊಲೆ ಉರಿಯುತ್ತಿರುವಷ್ಟು ಹೊತ್ತು ಊರಿನ ಬೇರೆ ಯಾವ ಒಲೆಯೂ ಹೊತ್ತುವುದಿಲ್ಲ. ಹಳ್ಳದ ಸೇತುವೆಯಿಂದ ಹಿಡಿದು ಕರಿಗುಡ್ಡದ ಬುಡದವರೆಗೆ ಎಲ್ಲಿ ಕಡ್ಡಿ ಗೀರಿದರೂ ಒಂದಿಷ್ಟು ಗಂಧಕದ ವಾಸನೆ ಬರುತ್ತದೆ, ಅಷ್ಟೇ. ಸೀಮೆಎಣ್ಣೆ ಸುರಿದು ನೋಡಿದ್ದೇವೆ, ಕರ್ಪೂರ ಇಟ್ಟು ನೋಡಿದ್ದೇವೆ. ಪಟ್ಟಣದಿಂದ ಕರೆಂಟಿನ ಒಲೆ ತಂದ ಜಾಣರೂ ಇದ್ದರು, ಅದರ ತಂತಿ ಕೆಂಪಾಗಲೇ ಇಲ್ಲ. ದೊಡ್ಡೊಲೆಯನ್ನು ಆರಿಸಿ, ಬೂದಿ ತೆಗೆದು, ಒಳಗಿನ ಇಟ್ಟಿಗೆ ರಿಪೇರಿ ಮಾಡುವ ದಿನ ಮಾತ್ರ ನಮ್ಮ ಒಲೆಗಳಿಗೆ ಜೀವ. ಅದಕ್ಕೆ ನಾವು ಒಲೆದಿನ ಅನ್ನುತ್ತೇವೆ. ಲಗ್ನ, ಹೋಮ, ಬಾಣಂತಿಯ ನೀರು, ಎಲ್ಲ ಆ ದಿನಕ್ಕೇ ಕಾಯಬೇಕು. ಸತ್ತವರು ಕಾಯಲಾರರು ನೋಡಿ, ಹಾಗಾಗಿ ಸುಡುವ ಮನೆತನದವರೂ ಈಗ ಹೂಳುತ್ತಾರೆ.

ನಾನು ತಂಗೆವ್ವ. ಆ ಗೇಟಿನ ಎದುರಿಗೇ ಇಪ್ಪತ್ತೆರಡು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಬೆಂಕಿ ಹೊತ್ತದ ಊರಿನಲ್ಲಿ ಖಾನಾವಳಿಯೇ ಎಂದು ನಗಬೇಡಿ. ನಕ್ಕವರೆಲ್ಲ ಕೊನೆಗೆ ನನ್ನ ತಾಟಿನ ಮುಂದೆಯೇ ಬಂದು ಕುಳಿತಿದ್ದಾರೆ. ಒಲೆದಿನ ಬೆಳಕು ಹರಿಯುವ ಮುಂಚೆ ಎದ್ದು ನಾಲ್ಕು ಜನ ಹೆಂಗಸರನ್ನು ಕೂಡಿಸಿಕೊಂಡು ಎಂಟುನೂರು ಜೋಳದ ರೊಟ್ಟಿ ಬಡಿಯುತ್ತೇನೆ. ಖಡಕ್ಕಾಗಿ ಒಣಗಿಸಿ ಬುಟ್ಟಿಗೆ ಪೇರಿಸಿದರೆ ಮುಂದಿನ ಒಲೆದಿನದವರೆಗೆ ಸಾಕು. ಮೇಲೆ ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಮೊಳಕೆ ಬಂದ ಮಡಕಿಕಾಳು. ಚಹಾಪುಡಿಯನ್ನು ನೀರಿಗೆ ಹಾಕಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟು ಚಹಾ ಅಂತ ಕೊಡುತ್ತೇನೆ. ಮೊದಮೊದಲು ಉಗುಳಿದರು, ಬೈದರು. ಈಗ ಅದೇ ಚಹಾಕ್ಕೆ ಮತ್ತೊಂದು ಕಪ್ಪು ಕೇಳುತ್ತಾರೆ. ಒಲೆದಿನ ಹಳ್ಳದ ಗುಂಡುಗಲ್ಲುಗಳನ್ನು ಕೆಂಪಗೆ ಕಾಸಿ ಬೂದಿ, ಹೊಟ್ಟು ತುಂಬಿದ ಕುಣಿಯಲ್ಲಿ ಹೂತಿಟ್ಟರೆ ಎರಡು ದಿನ, ಹೆಚ್ಚೆಂದರೆ ಎರಡೂವರೆ ದಿನ ಬಿಸಿ ಹಿಡಿಯುತ್ತವೆ. ಅಷ್ಟರೊಳಗೆ ಮುದುಕರು ಬೆನ್ನು ಕಾಸಿಕೊಳ್ಳಬೇಕು, ಮಕ್ಕಳು ಮೈ ತೊಳೆದುಕೊಳ್ಳಬೇಕು. ಆಮೇಲೆ ತಣ್ಣಗೆ.

ಯಾರನ್ನೂ ಬೈಯಲಿಕ್ಕೆ ನಾನು ಈ ಕಥೆ ಹೇಳುತ್ತಿಲ್ಲ. ಮೊದಲೆಲ್ಲ ನಮ್ಮ ದೇಶಕ್ಕೆ ತೋಪುಗಳು ಹಡಗಿನಲ್ಲಿ ಬರುತ್ತಿದ್ದವು. ಹಿಂದಿನ ಯುದ್ಧದ ನಟ್ಟನಡುವೆ ಆ ಪರದೇಶದವರು ಬಿಡಿಭಾಗ ಕಳಿಸುವುದನ್ನು ನಿಲ್ಲಿಸಿಬಿಟ್ಟರು. ನಮ್ಮ ಹುಡುಗರು ಗುಂಡು ಹಾರದ ತೋಪಿನ ಪಕ್ಕ ಕುಳಿತು ಸತ್ತರು. ಆಗ ಸರಕಾರ, ಇನ್ನು ನಮ್ಮ ತೋಪು ನಾವೇ ಮಾಡುತ್ತೇವೆ ಅಂದಿತು, ಆ ಕಾರ್ಖಾನೆ ನಮ್ಮೂರಿಗೆ ಬಂತು. ಅಡಿಗಲ್ಲು ಹಾಕಿದ ದಿನ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಪ್ರತಿ ವರ್ಷ ಬಜೆಟ್ಟಿನ ದಿನ ನನ್ನ ಖಾನಾವಳಿಯ ರೇಡಿಯೋ ಸುತ್ತ ಜನ ಸೇರುತ್ತಾರೆ. ರಕ್ಷಣೆಗೆ ಇಷ್ಟು ಸಾವಿರ ಕೋಟಿ ಎಂದು ಮಂತ್ರಿಗಳು ಅಂದ ಕೂಡಲೇ ಅಲ್ಲಿ ಮೇಜು ಗುದ್ದುತ್ತಾರೆ, ಇಲ್ಲಿ ನಾವು ಚಪ್ಪಾಳೆ ತಟ್ಟುತ್ತೇವೆ. ಮರುದಿನ ಬೆಳಿಗ್ಗೆ ಗೇಟಿನ ಬೋರ್ಡು ಬದಲಾಗಿರುತ್ತದೆ. ಮೊದಲ ವರ್ಷ ನಾಲ್ಕು ದಿನಕ್ಕೊಮ್ಮೆ ಒಲೆದಿನ ಇತ್ತು. ಆಮೇಲೆ ಎಂಟು ದಿನಕ್ಕೊಮ್ಮೆ ಆಯಿತು. ನಾನು ಹೇಳುತ್ತಿರುವ ವರ್ಷ ಹನ್ನೆರಡು ದಿನಕ್ಕೊಮ್ಮೆ. ಬೇರೆ ಊರಿನವರಿಗೆ ಆ ಕೋಟಿ ಬರೀ ಒಂದು ಸಂಖ್ಯೆ.

ನನ್ನ ಅಳಿಯ ಭರಮಪ್ಪ ಗಡಿಯಲ್ಲಿ ತೋಪಿನ ದಳದಲ್ಲಿದ್ದಾನೆ. ಒಳ್ಳೆಯ ಹುಡುಗ, ಮಾತು ಸ್ವಲ್ಪ ಜಾಸ್ತಿ. ಮಗಳು ಕಸ್ತೂರಿ ಚೊಚ್ಚಲ ಬಸುರಿಯಾಗಿ ನನ್ನ ಹತ್ತಿರ ಬಂದಿದ್ದಳು. ಆ ದೀಪಾವಳಿಗೆ ಅವನ ಕಾಗದ ಬಂತು. "ಅವರ ಕಡೆ ಹತ್ತು ತೋಪು ಇದ್ದರೆ ನಮ್ಮ ಕಡೆ ನಾಲ್ಕು. ಅದರಾಗೂ ಎರಡು ಮುದಿ ಎಮ್ಮಿ ಆಗ್ಯಾವು. ಊರಿನವರಿಗೆ ಹೇಳ್ರಿ, ಲಗೂ ಮಾಡಿ ಕಳಸರಿ ಅಂತ" ಎಂದು ಬರೆದಿದ್ದ. ನಾನು ಆ ಕಾಗದವನ್ನು ಊಟಕ್ಕೆ ಬಂದವರಿಗೆಲ್ಲ ಓದಿಸಿದೆ. ಹನ್ನೆರಡು ದಿನಕ್ಕೊಮ್ಮೆ ಒಲೆದಿನವಾದರೆ ಹೇಗೆ ಬದುಕುವುದು ಎಂದು ಗೊಣಗುತ್ತಿದ್ದವರ ಬಾಯಿ ಮುಚ್ಚಿಸಿದವಳು ನಾನೇ.

ಕಸ್ತೂರಿ ಏಳನೇ ತಿಂಗಳಿಗೇ ಹೆತ್ತಳು. ಜನವರಿ ಹನ್ನೊಂದನೇ ತಾರೀಖು, ಬೆಳಗಿನ ಜಾವ. ಹಿಂದಿನ ಒಲೆದಿನ ಕಳೆದು ಒಂಬತ್ತು ದಿನ ಆಗಿತ್ತು, ಮುಂದಿನದಕ್ಕೆ ಮೂರು ದಿನ ಬಾಕಿ. ಕುಣಿಯಲ್ಲಿನ ಕಲ್ಲುಗಳು ಎಂದೋ ತಣ್ಣಗಾಗಿದ್ದವು. ಗುಡ್ಡದ ಕಡೆಯಿಂದ ಬರುವ ಗಾಳಿ ಬಾಗಿಲ ಸಂದಿಯಲ್ಲಿ ನುಗ್ಗುತ್ತಿತ್ತು. ಸೂಲಗಿತ್ತಿ ಹೊನ್ನವ್ವ ಕೂಸನ್ನು ಎತ್ತಿ ತೋರಿಸಿದಾಗ ನನಗೆ ನೋಡಲಾಗಲಿಲ್ಲ. ಹೆಣ್ಣು ಕೂಸು. ನನ್ನ ಮೊಣಕೈಯಿಂದ ಅಂಗೈಯವರೆಗೆ ಅದರ ಉದ್ದ. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು.

"ಬೆಚ್ಚಗ ಇಡ್ರಿ ಇದನ್ನ. ಇದಕ್ಕ ಬ್ಯಾರೆ ಔಷಧ ಇಲ್ಲ" ಎಂದಳು ಹೊನ್ನವ್ವ.

"ತಾಯಿ ಎದಿ ಮ್ಯಾಲೆ ಹಾಕ್ತೀನಿ, ಮ್ಯಾಲೆ ಕಂಬಳಿ ಹೊಚ್ಚತೀನಿ."

"ತಾಯಿ ಮೈ ಮುಟ್ಟಿ ನೋಡು."

ಮುಟ್ಟಿದೆ. ಬಹಳ ರಕ್ತ ಹೋಗಿತ್ತು. ಕಸ್ತೂರಿಯ ಕೈಕಾಲು ತಣ್ಣಗೆ ಕೊರೆಯುತ್ತಿದ್ದವು, ಅರ್ಧ ಎಚ್ಚರ, ಅರ್ಧ ಮಂಪರು. ನಾನೇ ಸೆರಗಿನೊಳಗೆ ಕೂಸನ್ನು ಎದೆಗವಚಿಕೊಂಡೆ. ಐವತ್ತೈದು ವರ್ಷದ ಮೈ, ಅದರಲ್ಲಿ ಎಷ್ಟು ಬಿಸಿ ಇರುತ್ತದೆ? ಹೊನ್ನವ್ವ ಕೂಸಿನ ಪಾದ ಹಿಡಿದು ನೋಡುತ್ತಿದ್ದಳು, ಅವು ನೀಲಿಯಾಗುತ್ತ ಬಂದಿದ್ದವು. "ಇವತ್ತೊಂದು ದಿನ ಬಿಸಿ ಸಿಕ್ಕರ ಉಳೀತೈತಿ ತಂಗೆವ್ವ. ಸಿಗದಿದ್ದರ ಸಂಜೀತನಕಾನೂ ಕಷ್ಟ" ಎಂದಳು. ಅವಳು ಸುಳ್ಳು ಸಮಾಧಾನ ಹೇಳುವ ಪೈಕಿ ಅಲ್ಲ.

ಒಂದು ಕಾಲದಲ್ಲಿ ಇಂಥ ಕೂಸುಗಳಿಗೆ ಕಾರ್ಖಾನೆಯ ಹಿಂದಿನ ಗೋಡೆ ಇತ್ತು. ದೊಡ್ಡೊಲೆಗೆ ಒತ್ತಿಕೊಂಡ ಗೋಡೆ, ಸದಾ ಬಿಸಿ. ಬಾಣಂತಿಯರು, ದಮ್ಮಿನವರು, ಮುದುಕರು ಅದಕ್ಕೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿರುತ್ತಿದ್ದರು. ಹೆಂಗಸರು ಹಪ್ಪಳ ಹಚ್ಚಿ ಒಣಗಿಸುತ್ತಿದ್ದರು. ಅದರ ಹಿಂದಿನ ವರ್ಷದ ಬಜೆಟ್ಟಿನಲ್ಲಿ ಕಾರ್ಖಾನೆಯ ಭದ್ರತೆಗೆ ಅಂತ ಬೇರೆ ದುಡ್ಡು ಬಂತು. ಗೋಡೆಯಿಂದ ನೂರು ಹೆಜ್ಜೆ ಬಿಟ್ಟು ಮುಳ್ಳುತಂತಿ ಬಂತು, ಬಂದೂಕಿನವರು ಬಂದರು. ಆದರೂ ಕೂಸನ್ನು ಹೊನ್ನವ್ವನ ಕೈಗೆ ಕೊಟ್ಟು ಓಡಿದೆ. ಕಾವಲಿನವನು ದಿನಾ ನನ್ನಲ್ಲಿ ಉಣ್ಣುವವನೇ.

"ಅವ್ವಾ, ತಂತಿ ದಾಟಿದವರಿಗೆ ಗುಂಡು ಹಾಕು ಅಂತ ಆರ್ಡರ್ ಐತಿ. ನಿನ್ನ ಅನ್ನ ಉಂಡ ಕೈಲೆ ಆ ಕೆಲಸ ಮಾಡಿಸಬ್ಯಾಡ" ಎಂದು ಅವನು ಮುಖ ತಿರುಗಿಸಿಕೊಂಡ. ಅವನನ್ನು ಬಾಯಿಗೆ ಬಂದ ಹಾಗೆ ಬೈದು ವಾಪಸು ಬಂದೆ.

ಹತ್ತೂವರೆಗೆ ದಾವಲಸಾಬ ಊಟಕ್ಕೆ ಬಂದ. ದೊಡ್ಡೊಲೆಯ ಮೇಸ್ತ್ರಿ ಅವನು. ಇಪ್ಪತ್ತು ವರ್ಷದಿಂದ ಅವನ ಕೈಯಲ್ಲೇ ಬೆಂಕಿ ಏರುವುದು, ಇಳಿಯುವುದು. ನಾನು ಅವನನ್ನು ಅಣ್ಣಾ ಅನ್ನುತ್ತೇನೆ, ಬರೀ ಬಾಯಿಮಾತಿಗಲ್ಲ. ನನ್ನ ಗಂಡ ತೀರಿಕೊಂಡಾಗ ಈ ಖಾನಾವಳಿಗೆ ಸೂರು ಹಾಕಿಸಿಕೊಟ್ಟವನು ಅವನೇ. ತಾಟು ಇಟ್ಟೆ, ರೊಟ್ಟಿ ಇಡಲಿಲ್ಲ, ಎದುರಿಗೆ ನಿಂತೆ.

"ಏನಾತು? ಕಸ್ತೂರಿ ಹಡದಳಂತ?"

"ಹಡದಾಳ. ಕೂಸು ಥಂಡಿಗೆ ಸಾಯಾಕ ಹತ್ತೈತಿ. ದಾವಲಣ್ಣಾ, ನಿನ್ನ ಒಲಿ ಒಂದು ತಾಸು ಇಳಸು."

ಅವನು ನನ್ನ ಮುಖ ನೋಡಿದ. ಚಾಷ್ಟಿ, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ. ಆಮೇಲೆ ಚೊಂಬಿನ ನೀರು ತೆಗೆದುಕೊಂಡು ಕುಡಿದ.

"ಒಳಗ ನಳಿಗಿ ಐತಿ ತಂಗೆವ್ವ. ತೋಪಿನ ನಳಿಗಿ. ಆರು ತಾಸು ಒಂದ ಸಮ ಶಾಖದಾಗ ನೆನೀಬೇಕು ಅದು. ಈಗ ಎರಡು ತಾಸು ಆಗೇತಿ. ನಡುವ ಶಾಖ ಬಿದ್ದರ ಹೊರಗ ಏನೂ ಕಾಣೂದಿಲ್ಲ, ಒಳಗ ಕೂದಲೆಳಿಯಂಗ ಬಿರುಕು ಬಿಡ್ತೈತಿ. ಅಂಥಾದ್ದರಾಗ ಗುಂಡು ಹಾಕಿ ಹಾರಿಸಿದರ ಒಂದು ದಿನ ಹಿಂದಕ್ಕ ಸಿಡೀತೈತಿ. ನಿಂತವರು ಉಳ್ಯಾಂಗಿಲ್ಲ."

"ಆ ಒಂದ ನಳಿಗಿ ಕೆಡ್ತೈತಿ ಅಷ್ಟ ಹೌದಲ್ಲೋ? ಕೆಟ್ಟದ್ದು ಅಂತ ಹೇಳಿ ಬದಿಗಿಡು. ಕೂಸನ್ನ ಹಂಗ ಬದಿಗಿಡಾಕ ಬರತೈತೇನು?"

ಅವನು ಖಾಲಿ ತಾಟನ್ನು ಬದಿಗೆ ಸರಿಸಿದ. ಕಾರ್ಖಾನೆಯಲ್ಲಿ ಮೊದಲೂ ನಳಿಗೆಗಳು ಕೆಟ್ಟದ್ದುಂಟು. ಕೆಟ್ಟದ್ದಕ್ಕೆ ಕೆಂಪು ಬಣ್ಣದಲ್ಲಿ ಕಾಟು ಹೊಡೆದು ಮತ್ತೆ ಕರಗಿಸುತ್ತಾರೆ, ಅದು ನನಗೂ ಗೊತ್ತಿತ್ತು. ಒಂದು ನಳಿಗೆ ಹೋದರೆ ದೇಶ ಮುಳುಗುವುದಿಲ್ಲ ಅಂದುಕೊಂಡೆ. ಅವನೂ ಹಾಗೇ ಅಂದುಕೊಂಡಿರಬೇಕು. ಎದ್ದು ತಲೆಗೆ ವಸ್ತ್ರ ಸುತ್ತಿಕೊಂಡ.

"ಕಟಗಿ ಹೊಂದಿಸಿಟ್ಟುಕೋ. ನಾ ಹೋಗಿ ದೊಡ್ಡೊಲಿ ಗಾಳಿ ಮುಚ್ಚತೀನಿ. ಕಡ್ಡಿ ಗೀರಕೋತ ಕೂಡು. ಒಂದು ತಾಸು, ತಂಗೆವ್ವ. ಒಂದು ತಾಸಿನ ಮ್ಯಾಲೆ ಒಂದು ನಿಮಿಷ ಇಲ್ಲ."

ಹಿಂದಿನ ಅಂಗಳದ ಒಲೆಗೆ ಕಟ್ಟಿಗೆ ಜೋಡಿಸಿ, ಸುತ್ತಲೂ ಗುಂಡುಗಲ್ಲು ಪೇರಿಸಿ, ಮೇಲೆ ಹಂಡೆ ಇಟ್ಟು ಕುಳಿತೆ. ಎಷ್ಟು ಕಡ್ಡಿ ಗೀರಿದೆನೋ ಲೆಕ್ಕ ಇಲ್ಲ. ಗೀರಿದೆ, ಹೊಗೆ ಬಂತು, ಸತ್ತಿತು. ಮತ್ತೆ ಗೀರಿದೆ. ಪೆಟ್ಟಿಗೆ ಮುಗಿಯುತ್ತ ಬಂದಾಗ ಒಂದು ಕಡ್ಡಿಯ ತುದಿಯಲ್ಲಿ ಹಳದಿ ಬೆಂಕಿ ಕೂತಿತು. ಕಾರ್ಖಾನೆ ಬಂದ ಮೇಲೆ ಒಲೆದಿನ ಅಲ್ಲದ ದಿನ ನಾನು ಬೆಂಕಿ ಕಂಡದ್ದು ಅದೇ ಮೊದಲು. ಅದನ್ನೇ ನೋಡುತ್ತ ಕುಳಿತು, ಒಲೆಗೆ ಮುಟ್ಟಿಸುವಷ್ಟರಲ್ಲಿ ಬೆರಳು ಸುಟ್ಟುಕೊಂಡೆ.

ಹೊಗೆಯ ವಿಚಾರ ನನಗೂ ದಾವಲಣ್ಣನಿಗೂ ತಲೆಗೇ ಹೊಳೆದಿರಲಿಲ್ಲ. ನನ್ನ ಅಂಗಳದ ಹೊಗೆ ಮೇಲೇರಿದ್ದೇ ತಡ, ಪಕ್ಕದ ಮನೆಯ ಪಾರವ್ವ ಗೋಡೆಯ ಮೇಲೆ ಮುಖ ಹಾಕಿದಳು. "ಯವ್ವಾ! ಹೊತ್ತೇತಲ್ಲ!" ಎಂದು ಒಂದೇ ಕೂಗು. ಮರುಗಳಿಗೆಗೆ ಅವಳ ಒಲೆ, ಅದರಾಚೆಯವರ ಒಲೆ, ಓಣಿ, ಓಣಿಯಾಚೆ ಓಣಿ. ಕಾಲು ತಾಸಿನಲ್ಲಿ ಊರಿನ ಪ್ರತಿ ಮನೆಯಿಂದಲೂ ಹೊಗೆ. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಕೈಗೆ ಸಿಕ್ಕದ್ದನ್ನು ಒಲೆಗೇರಿಸಿದರು. ಬೇಳೆ ಕುದಿಯುವ ವಾಸನೆ, ಒಗ್ಗರಣೆಯ ಸಪ್ಪಳ. ಯಾರದೋ ಮನೆಯಲ್ಲಿ ಬಿಸಿ ಚಹಾ ಕುಡಿದು ಮುದುಕನೊಬ್ಬ ಗಟ್ಟಿಯಾಗಿ ಅತ್ತನಂತೆ. ಒಂದು ತಾಸು ಆಗುತ್ತಿದ್ದಂತೆ ಊರಿನ ಅಷ್ಟೂ ಒಲೆಗಳು ಒಮ್ಮೆಲೇ ತಣ್ಣಗಾದವು. ಅರೆಬೆಂದ ಅನ್ನದ ಪಾತ್ರೆ ಇಳಿಸಿಕೊಂಡು ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನನಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಬಿಸಿ ಕಲ್ಲುಗಳನ್ನು ಅರಿವೆಯಲ್ಲಿ ಸುತ್ತಿ ಬುಟ್ಟಿಯ ಸುತ್ತ ಇಟ್ಟು ನಡುವೆ ಕೂಸನ್ನು ಮಲಗಿಸಿದೆವು. ಉಳಿದ ಕಲ್ಲುಗಳನ್ನು ಕುಣಿಯಲ್ಲಿ ಹೂತೆವು. ಕಸ್ತೂರಿಗೆ ಬಿಸಿ ಗಂಜಿ ಕುಡಿಸಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಕೂಸಿನ ಪಾದ ಕೆಂಪಗಾದವು. ನಾಲ್ಕಕ್ಕೆ ಅದು ಬಾಯಿ ತೆರೆದು ಅತ್ತಿತು, ಹೌದು, ಕೂಸು ಅಳುವ ಹಾಗೆ ಅತ್ತಿತು. ಹೊನ್ನವ್ವ ನನ್ನ ಬೆನ್ನ ಮೇಲೆ ಗುದ್ದಿ, "ಗೆದ್ದಿ ಬಿಡು ತಂಗೆವ್ವ!" ಎಂದಳು. ಕಲ್ಲುಗಳು ಮುಂದಿನ ಒಲೆದಿನದ ಹಿಂದಿನ ಸಂಜೆಯವರೆಗೂ ಹೇಗೋ ಬಿಸಿ ಹಿಡಿದವು. ಅಷ್ಟರಲ್ಲಿ ಅದು ಮೊಲೆ ಹಿಡಿಯಲು ಕಲಿತಿತ್ತು. ಭರಮಪ್ಪನ ತೀರಿಹೋದ ತಾಯಿಯ ಹೆಸರು ಲಗಮವ್ವ, ಅದನ್ನೇ ಇಟ್ಟೆವು. ಇಷ್ಟು ಚಿಕ್ಕ ಜೀವಕ್ಕೆ ಅಷ್ಟು ದೊಡ್ಡ ಹೆಸರು ಎಂದು ಕಸ್ತೂರಿ ನಕ್ಕಳು.

ಐದನೇ ದಿನ ದಾವಲಣ್ಣ ಮನೆಗೆ ಬಂದ. ಕೆಲಸದ ಹೊತ್ತಿನಲ್ಲಿ ಅವನು ಹೀಗೆ ಬಂದದ್ದೇ ಇಲ್ಲ. ಕೂಸನ್ನು ನೋಡಿ, ಅದರ ಹಣೆ ಮುಟ್ಟಿ, ಆಮೇಲೆ ನನ್ನನ್ನು ಅಂಗಳಕ್ಕೆ ಕರೆದ.

"ನನ್ನ ಕೆಲಸ ಬಿಡಿಸಿ ಮನಿಗೆ ಕಳಿಸ್ಯಾರ. ವಯಸ್ಸಾತು ಅಂತ ಬರಕೊಟ್ಟಾರ."

"ಅಯ್ಯೋ ಅಣ್ಣಾ, ನನ್ನಿಂದ..."

"ಅದು ಹೋಗಲಿ. ನಳಿಗಿ ಮಾತು ಕೇಳು. ನಾ ಕೆಂಪು ಕಾಟು ಹೊಡದು ಬದಿಗಿಟ್ಟಿದ್ದೆ. ಸಾಹೇಬರು ತಾವ ನಿಂತು ಅಳಸ್ಯಾರ."

ಅವನು ಹೇಳಿದ್ದು ಇಷ್ಟು. ಅವತ್ತು ಊರಿನ ತುಂಬ ಹೊಗೆ ಎದ್ದದ್ದನ್ನು ಮ್ಯಾನೇಜರು ತಮ್ಮ ಕಿಟಕಿಯಿಂದಲೇ ನೋಡಿದ್ದರು. ದೊಡ್ಡೊಲೆ ಇಳಿದಿದೆ ಎಂದು ಅವರಿಗೆ ತಿಳಿಯಲು ಮತ್ತೇನು ಬೇಕು? ಆದರೆ ಇಳಿಯಿತು ಎಂದು ಬರೆದರೆ ಕಾಗದ ಮೇಲಕ್ಕೆ ಹೋಗುತ್ತದೆ. ನಮ್ಮವರು ಮಾಡಿದ ತೋಪನ್ನು ನಂಬಬೇಡಿ, ಹೊರಗಿನದೇ ತರಿಸೋಣ ಎಂದು ಕಾಯುತ್ತಿರುವ ದೊಡ್ಡವರು ಮೇಲೆ ಇದ್ದಾರೆ. ಒಂದು ಚೂರು ಸಿಕ್ಕರೆ ಸಾಕು, ಮುಂದಿನ ವರ್ಷದ ನೂರು ತೋಪಿನ ಆರ್ಡರು ಹೋಯಿತು, ಕಾರ್ಖಾನೆ ಹೋಯಿತು. ಹಾಗಾಗಿ ಜನವರಿ ಹನ್ನೊಂದರಂದು ಏನೂ ಆಗಿಲ್ಲ. ಏನೂ ಆಗಿಲ್ಲ ಅಂದ ಮೇಲೆ ಆ ನಳಿಗೆಯೂ ಕೆಟ್ಟಿಲ್ಲ. ಕಾಟು ಅಳಿಸಿ, ಉಳಿದವುಗಳ ಮೇಲೆ ಹೊಡೆಯುವ ಹಾಗೆ ಅದರ ಮೇಲೂ ತಯಾರಾದ ತಾರೀಖು ಹೊಡೆದು ಸಾಲಿಗೆ ಸೇರಿಸಿದ್ದರು.

ಮರುದಿನವೇ ಮ್ಯಾನೇಜರ ಹತ್ತಿರ ಹೋದೆ. ಕುರ್ಚಿ ಹಾಕಿಸಿ ಕೂರಿಸಿದರು. ನಾನು ಎಲ್ಲ ಒಪ್ಪಿಕೊಂಡೆ, ನನ್ನನ್ನು ಜೈಲಿಗೆ ಹಾಕಿ, ಆ ನಳಿಗೆ ಮಾತ್ರ ಕಳಿಸಬೇಡಿ ಎಂದು ಕೈ ಮುಗಿದೆ. ಅವರು ಕಿಟಕಿಯ ಕಡೆ ನೋಡಿದರು.

"ಯಾವ ಹೊಗೆ ತಂಗೆವ್ವಾ? ನಾನಂತೂ ನೋಡಲಿಲ್ಲ. ನೋಡಿದವರು ಊರಲ್ಲಿ ಹತ್ತು ಜನ ಇದ್ದರೆ ಕರಕೊಂಡು ಬನ್ನಿ, ಬರೆದುಕೊಳ್ಳೋಣ."

ಹತ್ತು ಜನ! ಊರಿಗೆ ಊರೇ ಒಲೆ ಹೊತ್ತಿಸಿತ್ತು. ಓಣಿ ಓಣಿ ಸುತ್ತಿದೆ. ಒಂದು ಮನೆಯಲ್ಲಿ ಗಂಡ ಕಾರ್ಖಾನೆಯಲ್ಲಿ ಫಿಟ್ಟರು, ಇನ್ನೊಂದರಲ್ಲಿ ಮಗ ವೆಲ್ಡರು, ಮತ್ತೊಂದರಲ್ಲಿ ಅಳಿಯನಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಅವತ್ತು ಗೋಡೆಯ ಮೇಲೆ ಮುಖ ಹಾಕಿ ಕೂಗಿದ ಪಾರವ್ವನ ಕೈ ಹಿಡಿದು ಬೇಡಿಕೊಂಡೆ.

"ನಾ ಏನೂ ನೋಡಿಲ್ಲವ್ವ ತಂಗೆವ್ವ" ಎಂದಳು.

"ನೋಡಿಲ್ಲಾ? ಮತ್ತ ಅವತ್ತ ಹುಳಿ ಕುದಿಸಿ ಒಂದು ಬಟ್ಟಲ ನನಗೂ ಕೊಟ್ಟಿ, ಅದನ್ನ ಬಿಸಿಲಾಗ ಕುದಿಸಿದ್ಯಾ?"

"ನಿನಗ ಕೂಸು ಉಳದೈತಿ. ನಮಗ ಅನ್ನ ಉಳೀಲಿ ಬಿಡು." ಹಾಗಂದು ಬಾಗಿಲು ಹಾಕಿಕೊಂಡಳು. ನನಗೆ ಅವಳ ಬಾಗಿಲಿಗೆ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಬೇರೆ ಮಾತಾಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಆ ನಳಿಗೆಯದೂ ಸೇರಿ ಇಪ್ಪತ್ತು ತೋಪುಗಳು ರೈಲು ಹತ್ತಿದ ದಿನ ಬ್ಯಾಂಡು ಇತ್ತು. ಒಂದೊಂದಕ್ಕೂ ಚೆಂಡುಹೂವಿನ ಹಾರ ಹಾಕಿದ್ದರು, ಹೆಂಗಸರು ಕುಂಕುಮ ಹಚ್ಚಿದರು. ನೂರಕ್ಕೆ ನೂರು ನಮ್ಮದೇ, ಒಂದು ಮೊಳೆಯೂ ಹೊರಗಿನದಲ್ಲ ಎಂದು ಸಾಹೇಬರೊಬ್ಬರು ಮೈಕಿನಲ್ಲಿ ಹೇಳಿದರು. ನಾನು ಹಾರಗಳನ್ನು ಸರಿಸಿ ಸರಿಸಿ ತಾರೀಖು ಹುಡುಕುತ್ತಿದ್ದೆ. ಹನ್ನೊಂದನೆಯದು ಸಿಗುವ ಮೊದಲೇ ಕಾವಲಿನವರು ನನ್ನ ತೋಳು ಹಿಡಿದು ಹೊರಗೆ ತಂದು ಬಿಟ್ಟರು. ರೈಲು ಹೋಯಿತು. ಭರಮಪ್ಪನ ದಳ ಇರುವ ಗಡಿಗೇ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವತ್ತೇ ಕುಳಿತು ಅವನಿಗೆ ಕಾಗದ ಬರೆದೆ. ಕಸ್ತೂರಿ ಇನ್ನೂ ಎದ್ದು ಕುಳಿತುಕೊಳ್ಳುವಂತಾಗಿರಲಿಲ್ಲ, ಅವಳಿಗೆ ಈ ಯಾವ ಸುದ್ದಿಯನ್ನೂ ನಾನು ಹೇಳಿರಲಿಲ್ಲ. ಬಾಣಂತಿಗೆ ಯಾಕೆ ಎಂದು ಸುಮ್ಮನಿದ್ದೆ. ಸುಳ್ಳು ಹೇಳಬಾರದು, ಹೆದರಿಕೆಗೂ ಸುಮ್ಮನಿದ್ದೆ. ಭರಮಪ್ಪನಿಗೆ ಮಾತ್ರ ಬಿಡಿಸಿ ಬಿಡಿಸಿ ಬರೆದೆ. ಜನವರಿ ಹನ್ನೊಂದನೇ ತಾರೀಖು ನಿನಗೆ ಮಗಳು ಹುಟ್ಟಿದ್ದಾಳೆ. ಅದೇ ತಾರೀಖು ಹೊಡೆದ ತೋಪು ಬಂದರೆ ಅದರ ಹತ್ತಿರ ಹೋಗಬೇಡ, ಯಾರನ್ನೂ ಬಿಡಬೇಡ, ಅದರ ಹೊಟ್ಟೆಯೊಳಗೆ ಬಿರುಕಿದೆ. ಗಡಿಗೆ ಹೋಗುವ ಕಾಗದಗಳನ್ನು ನಡುವೆ ಒಡೆದು ಓದುತ್ತಾರೆ, ಬೇಡವಾದ ಸಾಲುಗಳಿಗೆ ಮಸಿ ಬಳಿಯುತ್ತಾರೆ ಎಂದು ಕೇಳಿದ್ದೆ. ಆದರೆ ಇದು ಅವರದೇ ಸೈನಿಕರ ಜೀವದ ಮಾತು, ಇದಕ್ಕೆ ಯಾಕೆ ಬಳಿಯುತ್ತಾರೆ ಅಂದುಕೊಂಡೆ. ಎಂಥ ಹುಚ್ಚಿ ನಾನು! ದಾವಲಣ್ಣ ಕಾಗದವನ್ನು ನಂಬಲಿಲ್ಲ, ತಾನೇ ಗಡಿಯ ರೈಲು ಹತ್ತಿ ಹೊರಟ. ಅರ್ಧ ದಾರಿಯಲ್ಲಿ ಅವನನ್ನು ಇಳಿಸಿ, ಎರಡು ದಿನ ಕೂಡಿಹಾಕಿ ವಾಪಸು ಕಳಿಸಿದರು. ಬಂದವನು ಹಾಸಿಗೆ ಹಿಡಿದ.

ಉತ್ತರ ಬಂದದ್ದು ಮಾರ್ಚಿನಲ್ಲಿ. ಬಜೆಟ್ಟು ಆಗಿಹೋಗಿತ್ತು, ಬೋರ್ಡಿನ ಮೇಲೆ ಹದಿನೈದು ದಿನಕ್ಕೊಮ್ಮೆ ಎಂದು ಬರೆದಿದ್ದರು, ಮಧ್ಯಾಹ್ನದ ಊಟದವರು ಎದ್ದು ಹೋಗಿದ್ದರು. ಕಸ್ತೂರಿ ಈಗ ಗಟ್ಟಿಯಾಗಿದ್ದಳು. ಅಂಚೆಯವನ ಕೈಯಿಂದ ಕಾಗದ ಕಸಿದುಕೊಂಡು, ನನ್ನ ತೊಡೆಯ ಮೇಲೆ ಕೂಸು ಹಾಕಿ, ಎದುರಿಗೆ ಕುಳಿತು ಗಟ್ಟಿಯಾಗಿ ಓದತೊಡಗಿದಳು.

"ಅತ್ತಿಯವರ ಕಾಗದ ಬಂತು. ಮಸಿಯವರು ಎಲ್ಲಾ ಕರ್ರಗ ಮಾಡ್ಯಾರ, ಒಂದು ಸಾಲು ಬಿಟ್ಟಾರ, ಜನವರಿ ಹನ್ನೊಂದಕ್ಕ ನನಗ ಮಗಳು ಹುಟ್ಯಾಳಂತ. ಅದೊಂದ ಸಾಲು ಸಾಕಾತು ನನಗ. ಇಡೀ ದಳಕ್ಕ ಬೆಲ್ಲ ಹಂಚಿದೆ. ಇನ್ನೊಂದು ಸುದ್ದಿ ಕೇಳು ಕಸ್ತೂರಿ. ನಮ್ಮೂರ ತೋಪು ಬಂದಾವು. ಏನ ಚೆಂದ ಅದಾವ ಅಂತಿ! ಒಂದೊಂದರ ಮ್ಯಾಲೂ ತಯಾರಾದ ತಾರೀಖು ಐತಿ. ನಾ ಒಂದೊಂದ ನೋಡಕೋತ ಹೋದೆ, ಹನ್ನೊಂದನೇ ತಾರೀಖಿಂದು ಒಂದು ಸಿಕ್ಕಿತು. ನನ್ನ ಮಗಳು ಹುಟ್ಟಿದ ದಿನ ಹುಟ್ಟಿದ್ದು! ಅದು ಬ್ಯಾರೆ ಗುಂಪಿಗೆ ಹೊಂಟಿತ್ತು. ಸುಬೇದಾರ ಸಾಹೇಬರ ಕೈಕಾಲು ಹಿಡದು, ನನ್ನ ಒಂದು ತಿಂಗಳ ರಜಾ ಬಿಟ್ಟುಕೊಟ್ಟು ನಮ್ಮ ಗುಂಪಿಗೆ ತಗೊಂಡೀನಿ. ಅದಕ್ಕ ಲಗಮವ್ವ ಅಂತ ನನ್ನವ್ವನ ಹೆಸರು ಬರಸೇನಿ, ಮಗಳಿಗೂ ನೀವು ಅದನ್ನ ಇಟ್ಟಿರಬೇಕು, ಹೌದಲ್ಲೋ? ದಿನಾ ನಾನ ಅದರ ಮೈ ಒರಸತೀನಿ, ಬ್ಯಾರೆ ಯಾರಿಗೂ ಮುಟ್ಟಾಕ ಕೊಡೂದಿಲ್ಲ. ಇನ್ನೂ ಹಾರಿಸಿಲ್ಲ. ಹಾರಿಸೂ ದಿನ ಬಂದರ ಮೊದಲನೇ ಗುಂಡು ನಂದ ಅಂತ ಹೇಳಿಟ್ಟೀನಿ."

ಕಸ್ತೂರಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಹುಚ್ಚ ಇದ್ದಾನವ್ವಾ ಇವ! ರಜಾ ಬಿಟ್ಟುಕೊಟ್ಟಾನಂತ ನೋಡು, ಒಂದು ತೋಪಿನ ಸಲುವಾಗಿ. ಅವ್ವಾ? ಯಾಕ ಹಂಗ ಕುಂತಿ? ಕೇಳಿದಿಲ್ಲೋ?"

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಕೂಸಿನ ನೀಲಿ ಪಾದ, ದಾವಲಣ್ಣ, ಆ ಒಂದು ತಾಸು, ಅಳಿಸಿದ ಕಾಟು, ನಾನು ಬರೆದ ಕಾಗದದಲ್ಲಿ ಮಸಿಯಾಗಿಹೋದ ಸಾಲುಗಳು, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ದೂರ ಹೋಗಿ ಗೋಡೆಗೆ ಒರಗಿ ಕುಳಿತಳು.

"ಅವತ್ತ ನೀ ನನ್ನ ಒಂದು ಮಾತ ಕೇಳಬೇಕಾಗಿತ್ತವ್ವಾ."

"ಕೇಳಿದ್ದರ ಬ್ಯಾಡ ಅಂತಿದ್ದ್ಯಾ?"

ಅವಳು ಮಗುವಿನ ಮುಖ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಲಗಮವ್ವ ತನ್ನ ಮುಷ್ಟಿಯನ್ನೇ ಚೀಪುತ್ತ ಎಚ್ಚರವಾಗಿ ಮಲಗಿತ್ತು, ದುಂಡಗಾಗಿದ್ದ ಕೆನ್ನೆಯ ಮೇಲೆ ಜೊಲ್ಲು. ಆ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ, ಯಾವತ್ತೂ ಕೇಳುವುದಿಲ್ಲ. ಆಮೇಲೆ ಅವಳು ಎದ್ದು ಬಂದು ಕೂಸನ್ನು ನನ್ನ ಕೈಗೆ ಕೊಟ್ಟು, ಕಾಗದ, ಪೆನ್ನು ತೆಗೆದುಕೊಂಡು ಕುಳಿತಳು.

"ಅವ್ವಾ, ಹ್ಯಾಂಗ ಬರದರ ಮಸಿ ಬಳಿಯೂದಿಲ್ಲ?"

ನನಗೆ ಗೊತ್ತಿರಲಿಲ್ಲ. ಅವಳು ಆರು ಪುಟ ಬರೆದಳು. ಅಕ್ಷರಗಳ ಮೇಲೆ ಕಣ್ಣೀರು ಬಿದ್ದಲ್ಲೆಲ್ಲ ಒರೆಸಿ ಮತ್ತೆ ಬರೆದಳು. ತೋಪು ಬಿಡು, ದೂರ ನಿಲ್ಲು, ನಿನ್ನ ಕಾಲು ಹಿಡಿಯುತ್ತೇನೆ ಎಂದು ಪ್ರತಿ ಪುಟದಲ್ಲೂ ಬರೆದಳು. ಎಲ್ಲ ಮುಗಿಸಿ, ಮೊದಲ ಪುಟದ ಮೇಲ್ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಸೇರಿಸಿದಳು. ಅವನ ಕೈಗೆ ಮುಟ್ಟುವುದು ಅದೊಂದೇ ಎಂದು ನಮಗಿಬ್ಬರಿಗೂ ಗೊತ್ತಿತ್ತು. "ಮಗಳು ಆರಾಮ ಇದ್ದಾಳ" ಎಂದು ಬರೆದಿದ್ದಳು.